ಭಗವಂತರಾಯರು ದ್ವೀಪಕ್ಕೆ ಉಣ್ಣಲು ಹೋದದ್ದು

ನಮ್ಮ ಪಕ್ಕದ ಮನೆಯ ಭಗವಂತರಾಯರು ಸುಳ್ಳು ಹೇಳುವವರಲ್ಲ. ಆದರೆ ಷಡ್ಡಕನ ಎದುರು ಆಡಿದ ಮಾತು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಅವರು ನಂಬಿದ್ದರು. ಹೆಂಡತಿಯ ತಂಗಿಯ ಗಂಡನ ಮುಂದೆ ಸೋಲಬಾರದೆಂಬ ನಿಯಮ ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ಕಕ್ಕೇರಾದಲ್ಲಂತೂ ಅದನ್ನು ಎಲ್ಲರೂ ಭಕ್ತಿಯಿಂದ ಪಾಲಿಸುತ್ತಾರೆ.

ಇವರ ಷಡ್ಡಕ ಮಹಾದೇವಪ್ಪ ಶಹಾಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಾತ. ಕಾಲುವೆ ಬಂದ ಮೇಲೆ ಪಂಪು ಯಾರು ಕೊಳ್ಳುತ್ತಾರೆಂದು ಊರೆಲ್ಲ ನಕ್ಕಿತ್ತು. ಕಾಲುವೆಯಿಂದ ಹೊಲಕ್ಕೆ ನೀರೆತ್ತಲು ಎಲ್ಲರೂ ಅವನ ಹತ್ತಿರವೇ ಪಂಪು ಕೊಂಡರು. ಕಂಪನಿಯವರು ಖುಷಿಯಾಗಿ ಅವನನ್ನು ಯಾವುದೋ ಹೊರದೇಶದ ದ್ವೀಪಕ್ಕೆ ಕಳಿಸಿ ತಂದರು. ಅಲ್ಲಿಂದ ಬಂದವನು ಮನೆಮಂದಿಗೆಲ್ಲ ಅದನ್ನು ವರ್ಣಿಸಲು ಒಂದು ತೊಟ್ಟಿಲು ಕಾರ್ಯವನ್ನು ಆರಿಸಿಕೊಂಡ. ಆ ತೊಟ್ಟಿಲು ಇದ್ದದ್ದು ಶಹಾಪುರದಲ್ಲಿ, ಅಕ್ಕತಂಗಿಯರ ತವರಿನಲ್ಲಿ. ಬಸ್ಸಿನಲ್ಲಿ ಜೊತೆಗಿರಲಿ ಎಂದು ಭಗವಂತರಾಯರು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ನಾನು ಶಾಲೆಯ ಮಾಸ್ತರ, ಪರರ ಮನೆಯ ಊಟಕ್ಕೆ ಒಲ್ಲೆ ಎಂದವನಲ್ಲ.

"ಗೈಡ್ ನನ್ನೊಬ್ಬಗಂದ್ರ ನನ್ನೊಬ್ಬಗ," ಮಹಾದೇವಪ್ಪ ಫೋನಿನಲ್ಲಿ ಫೋಟೋ ಸರಿಸುತ್ತ ಹೇಳುತ್ತಿದ್ದ. "ಪ್ರೈವೇಟ್! ಒಂದು ಮನಿಗಿ ಕರ್ಕೊಂಡು ಹೋಗ್ತಾನ, ಎರಡು ತುತ್ತು ತಿನ್ನಸ್ತಾನ. ಇನ್ನೊಂದು ಮನಿಗಿ ಒಯ್ತಾನ, ಒಂದು ಗುಟುಕು ವೈನ್ ಕುಡಸ್ತಾನ. ಹಿಂಗ ಕಣ್ಣು ಮುಚ್ಚಿ ತಿನ್ನಬೇಕು. ತಿಂದು ಹೆಂಗೈತಿ ಅಂತ ನಾ ಹೇಳಬೇಕು, ಅವರು ಕೈಕಟ್ಟಿ ಕೇಳಬೇಕು."

ಮೂಲೆಯಲ್ಲಿ ಕುಳಿತಿದ್ದ ಅತ್ತೆಯವರು ಗಾಬರಿಯಾದರು. "ಮನಿಮನಿಗಿ ಹೋಗಿ ಉಂಡು ಬಂದ್ಯಾ? ಅಯ್ಯ ನನ್ನಪ್ಪಾ, ನನ್ನ ಮಗಳು ನಿನಗ ಅಡಿಗಿ ಮಾಡಿ ಹಾಕಂಗಿಲ್ಲೇನು?"

ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಹಾದೇವಪ್ಪ ಫೋನನ್ನು ಭಗವಂತರಾಯರ ಮೂಗಿನ ಹತ್ತಿರ ಹಿಡಿದು, "ಭಾವಾರ, ನೀವು ಕಾಲುವಿ ಆಫೀಸಿನ ಕುರ್ಚಿ ಬಿಟ್ಟು ಎಲ್ಲಿಗೂ ಹೋದವರಲ್ಲ, ನೋಡ್ಕೋರಿ," ಎಂದುಬಿಟ್ಟ.

ಭಗವಂತರಾಯರು ಹುಗ್ಗಿಯ ಬಟ್ಟಲನ್ನು ಕೆಳಗಿಟ್ಟರು. "ಇದ್ರಾಗೇನೈತೋ ತಮ್ಮಾ? ನಮ್ಮ ಕೃಷ್ಣಾ ಹೊಳ್ಯಾಗ ದ್ವೀಪ ಇಲ್ಲೇನು? ಬರೋ ಐತಾರ ನಾನೂ ಹೊಂಟೇನಿ. ಪ್ರೈವೇಟ್ ಗೈಡ್ ಗೊತ್ತು ಮಾಡೇನಿ. ಊಟ, ವೈನ್, ಎಲ್ಲಾ ಬರೋಬ್ಬರಿ ಆಗೈತಿ. ಬೇಕಾದ್ರ ಮಾಸ್ತರನ್ನ ಕೇಳು."

ನನಗೆ ಹುಗ್ಗಿ ನೆತ್ತಿಗೇರಿತು. ಅವರ ಹೆಂಡತಿ ದೇವಕಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಎತ್ತಿ ಹಿಡಿದು ನಿಂತರು. "ವೈನ್? ನೀವು? ಸೋಡಾ ಕುಡದ್ರ ಕಣ್ಣಾಗ ನೀರು ಬರ್ತಾವಲ್ರಿ ನಿಮಗ!"

"ಫೋಟೋ ಕಳಸ್ರಿ ಮತ್ತ," ಎಂದ ಮಹಾದೇವಪ್ಪ.

ಸೋಮವಾರ ಬೆಳಗ್ಗೆಯೇ ಗೈಡ್ ಹುಡುಕುವ ಕೆಲಸ ಶುರುವಾಯಿತು. ಹೊಳೆಯ ನಡುವಿನ ದಿಬ್ಬಕ್ಕೆ ನಮ್ಮಲ್ಲಿ ಗಡ್ಡಿ ಎನ್ನುತ್ತಾರೆ. ಬೇವಿನಗಡ್ಡಿ ಎಂಬ ಗಡ್ಡಿಯ ಮೇಲೆ ಒಂದು ಹಿಡಿಯಷ್ಟು ಮನೆಗಳಿವೆ. ಅಲ್ಲಿಯ ಸಾಬಣ್ಣ ಎಂಬಾತ ಭಗವಂತರಾಯರ ಕಚೇರಿಯಲ್ಲೇ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸಕ್ಕಿದ್ದ. ಅವನನ್ನು ಕರೆಸಿ ಸಾಹೇಬರು ತಮ್ಮ ಆಸೆ ತಿಳಿಸಿದರು. ಗಡ್ಡಿಯ ಮನೆಗಳಲ್ಲಿ ಉಣ್ಣಬೇಕು, ಹೇಗಿದೆಯೆಂದು ಹೇಳಬೇಕು, ಫೋಟೋ ತೆಗೆಸಿಕೊಳ್ಳಬೇಕು.

ಸಾಬಣ್ಣ ಅವರ ಹೊಟ್ಟೆಯನ್ನು ಅಳೆಯುವಂತೆ ನೋಡಿದ. ಆಮೇಲೆ ಕೇಳಿದ, "ಸಾಹೇಬ್ರ, ಎಷ್ಟು ರೊಟ್ಟಿ ತಿಂತೀರಿ?"

"ಹಾಕಿದಷ್ಟು."

"ಗಡ್ಡ್ಯಾಗ ಯಾರಿಗಾರ ಬೀಗರೇನ್ರಿ? ಅತ್ತಿ ಕಡಿ, ಅವ್ವನ ಕಡಿ, ದೂರದ ಸಂಬಂಧ?"

"ಯಾರಿಗೂ ಅಲ್ಲೋ."

"ಖರೇನ?"

"ನಿನ್ನಾಣಿಗೂ ಅಲ್ಲ. ಉಣ್ಣಾಕ ಬೀಗರಾಗಬೇಕೇನು?"

"ಆಗಬಾರದ್ರಿ," ಎಂದ ಸಾಬಣ್ಣ, ಮುಖ ಅರಳಿಸಿಕೊಂಡು. "ಬಿಳೀ ಧೋತ್ರ ಉಟ್ಟು, ತಲಿಗಿ ರುಮಾಲು ಸುತ್ತಿಕೊಂಡು ಬರ್ರಿ. ಉಳಿದದ್ದು ನನ್ನ ಮ್ಯಾಲ ಬಿಡ್ರಿ."

ಇಂಥ ಗೈಡ್ ಮಹಾದೇವಪ್ಪನಿಗೂ ಸಿಕ್ಕಿರಲಿಕ್ಕಿಲ್ಲ, ಉಡುಪಿನ ಬಗ್ಗೆ ಕೂಡ ಕಾಳಜಿ ಮಾಡುತ್ತಾನೆ ಎಂದು ಭಗವಂತರಾಯರು ಉಬ್ಬಿಹೋದರು. ನನಗೂ ಆಗ ಏನೂ ಅನಿಸಲಿಲ್ಲ, ಸುಳ್ಳೇಕೆ ಹೇಳಲಿ.

ವೈನ್ ತರಲು ಸುರಪುರಕ್ಕೆ ಹೋದೆವು. ಆಳೆತ್ತರದ ಅಕ್ಷರದಲ್ಲಿ 'ವೈನ್ಸ್' ಎಂದು ಬರೆದಿದ್ದ ಅಂಗಡಿಯ ಮುಂದೆ ನಿಂತು, ಮುಖಕ್ಕೆ ಟವೆಲು ಅಡ್ಡ ಹಿಡಿದು, ಭಗವಂತರಾಯರು ವೈನ್ ಕೇಳಿದರು. ಅಂಗಡಿಯವನಿಗೆ ಸಿಡಿಲು ಬಡಿದಂತಾಯಿತು.

"ವೈನಾ? ವೈನ್ ಇಲ್ರಿ ನಮ್ಮಲ್ಲಿ."

"ಬೋರ್ಡ್ ಮ್ಯಾಲ ಐತಲ್ಲ?"

"ಅದು ಬೋರ್ಡ್ ಮ್ಯಾಲ ಅಷ್ಟ ಇರ್ತೈತ್ರಿ. ಅಂಗಡಿ ತೆಗದಾಗಿಂದ ಒಬ್ಬರೂ ಕೇಳಿಲ್ಲ." ಅವನು ಸಾಲಿನಲ್ಲಿ ನಿಂತ ಗಿರಾಕಿಗಳ ಕಡೆ ತಿರುಗಿ, "ಇವರು ವೈನ್ ಕೇಳಾಕತ್ತಾರ ನೋಡ್ರೋ," ಎಂದು ಕೂಗಿಯೂ ಬಿಟ್ಟ. ಎಲ್ಲರೂ ದಾರಿ ಬಿಟ್ಟು ನಿಂತರು. ಕೊನೆಗೆ ಅಟ್ಟದಿಂದ ಧೂಳು ಹಿಡಿದ ಒಂದು ಕೆಂಪು ಬಾಟಲಿ ಇಳಿಯಿತು. ಅದನ್ನು ಅಂಗಿಯಿಂದ ಒರೆಸುತ್ತ ಅಂಗಡಿಯವನು ಮೃದುವಾಗಿ ಕೇಳಿದ, "ಔಷಧಕ್ಕೇನ್ರಿ? ಮನ್ಯಾಗ ಬಾಣಂತಿ ಅದಾರೇನ್ರಿ?"

ಭಾನುವಾರ ಹೊಳೆಯ ದಂಡೆಯಲ್ಲಿ ಹರಗೋಲು ಸಿದ್ಧವಾಗಿತ್ತು. ದೊಡ್ಡ ಬುಟ್ಟಿಯಂಥ ಆ ದೋಣಿಯಲ್ಲಿ ಭಗವಂತರಾಯರು ರುಮಾಲು ಸುತ್ತಿ, ಬಾಟಲಿ ಅಪ್ಪಿ ಕುಳಿತರು. ಹುಟ್ಟು ಹಾಕುತ್ತಿದ್ದ ದ್ಯಾವಪ್ಪನೆಂಬ ಗಟ್ಟಿ ಪ್ರಾಯದವನು ಭಗವಂತರಾಯರನ್ನು ಎಂಥ ಆಸೆಯಿಂದ ನೋಡುತ್ತಿದ್ದನೆಂದರೆ, ನಾನು ನನ್ನ ಮೊದಲ ಸಂಬಳವನ್ನೂ ಹಾಗೆ ನೋಡಿರಲಿಲ್ಲ.

ಗಡ್ಡಿಯ ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು. ಹೆಂಗಸರು ತಂಬಿಗೆಯಿಂದ ಭಗವಂತರಾಯರ ಕಾಲಿಗೆ ನೀರು ಹಾಕಿದರು. ಅಯ್ಯಣ್ಣ ಎಂಬ ಮುದುಕ, ಗಡ್ಡಿಗೆ ಹಿರಿಯ, ಕೋಲು ಊರಿಕೊಂಡು ಬಂದು ಕೈ ಮುಗಿದ. "ಬಂದ್ರೇನ್ರಿ? ಎರಡು ವರ್ಷದಿಂದ ಹಾದಿ ನೋಡಾಕತ್ತೇವಿ."

"ನೋಡಿದ್ರೇನು ಮಾಸ್ತರ?" ಭಗವಂತರಾಯರು ನನ್ನ ಕಿವಿಯಲ್ಲಿ ಉಸುರಿದರು. "ಪ್ರವಾಸಿಗಳು ಅಂದ್ರ ಎಷ್ಟು ಹಸದಾರ!"

ಮೊದಲು ಕರೆದೊಯ್ದದ್ದು ದುರಗಮ್ಮನ ಮನೆಗೆ. ದುರಗಮ್ಮ ನಮ್ಮ ಹರಗೋಲಿನ ದ್ಯಾವಪ್ಪನ ತಾಯಿ. ಅಂಗಳದಲ್ಲಿ ಕಂಬಳಿ ಹಾಸಿ, ತಾಟು ಇಟ್ಟು, ರೊಟ್ಟಿ ತಂದಳು. ಅಬ್ಬಾ, ಏನು ತೆಳು! ಹಿಡಿದರೆ ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. ಕಾಲುವೆ ಬಂದ ಮೇಲೆ ನಾವು ದಂಡೆಯವರು ಭತ್ತ ಹಚ್ಚಿ ಅನ್ನಕ್ಕೆ ಬಿದ್ದವರು. ಗಡ್ಡಿಗೆ ಕಾಲುವೆ ಹೋಗಲಿಲ್ಲ, ಅಲ್ಲಿ ಇನ್ನೂ ಜೋಳವೇ. ಹೀಗಾಗಿ ರೊಟ್ಟಿಯ ವಿಷಯದಲ್ಲಿ ಅವರು ನಮ್ಮಂತೆ ಸಡಿಲವಲ್ಲ. ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗೋಡೆಯ ಮೇಲೆ, ಹೊಸ್ತಿಲಲ್ಲಿ, ಕಟ್ಟೆಯ ಮೇಲೆ ಜನ. ಎಲ್ಲರೂ ಭಗವಂತರಾಯರ ಬಾಯನ್ನೇ ನೋಡುತ್ತಿದ್ದಾರೆ.

ಭಗವಂತರಾಯರು ಷಡ್ಡಕ ತೋರಿಸಿದಂತೆ ಕಣ್ಣು ಮುಚ್ಚಿ ಅಗಿದರು. ನಾನು ಫೋಟೋ ಹೊಡೆದೆ.

"ರೊಟ್ಟಿ ಅಂದ್ರ ಇದು!" ಎಂದು ಅವರು ಘೋಷಿಸಿದರು. "ಮಲ್ಲಿಗಿ ಎಸಳಿನಂಗ ಐತಿ. ದಪ್ಪ ರೊಟ್ಟಿ ತಿನ್ನೂದು ಒಂದು ಬಾಳೇವೇನ್ರಿ?"

ಅಂಗಳದ ಅರ್ಧ ಮಂದಿ "ಶಬ್ಬಾಶ್!" ಎಂದು ಕುಣಿದರು. ಉಳಿದರ್ಧ ಮಂದಿ ಎದೆ ಮೇಲೆ ಕೈ ಇಟ್ಟುಕೊಂಡರು. ಗೋಡೆಯ ಮೇಲಿದ್ದ ಒಬ್ಬಾಕೆಯ ಕೊಡ ಜಾರಿ ಬಿತ್ತು. ದುರಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರಿಗೋ ಕೇಳಲೆಂಬಂತೆ, "ದೇವರು ಅದಾನವ್ವ," ಎಂದಳು. ಪಾಪ, ಹೊಗಳಿಕೆ ಕೇಳಿ ಅಭ್ಯಾಸವಿಲ್ಲ ಈ ಜನಕ್ಕೆ ಎಂದು ನಾವು ಮುಂದೆ ನಡೆದೆವು.

ಎರಡನೆಯದು ಮಾನಮ್ಮನ ಮನೆ. ದುರಗಮ್ಮನ ಬಾಗಿಲಲ್ಲಿ ಕೆಮ್ಮಿದರೆ ಮಾನಮ್ಮನ ಅಡುಗೆಮನೆಯಲ್ಲಿ ಕೇಳುವಷ್ಟು ಹತ್ತಿರ. ಮಾನಮ್ಮ ನಮ್ಮ ಗೈಡ್ ಸಾಬಣ್ಣನ ಅಕ್ಕ. ಇಲ್ಲಿಯ ರೊಟ್ಟಿ ದಪ್ಪ, ಮೆತ್ತಗೆ, ಹಂಚಿನಿಂದ ನೇರ ತಾಟಿಗೆ. ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ಬದನೆಕಾಯಿ ಎಣಗಾಯಿ. ಬಾಗಿಲ ಹಿಂದಿನಿಂದ ಬಳೆ ತೊಟ್ಟ ಒಂದು ಕೈ ಮಾತ್ರ ಬಂದು ರೊಟ್ಟಿ ಕೊಟ್ಟು ಹೋಗುತ್ತಿತ್ತು. ಮಾನಮ್ಮನ ಮಗಳು ಅಮೃತಮ್ಮ, ಹೊರಗೆ ಬರುವುದಿಲ್ಲ ಎಂದ ಸಾಬಣ್ಣ. ಆ ಕೈ ಬಂದಾಗಲೆಲ್ಲ ಅಂಗಳದಾಚೆ ನಿಂತಿದ್ದ ದ್ಯಾವಪ್ಪನ ಕುತ್ತಿಗೆ ಒಂದು ಗೇಣು ಉದ್ದವಾಗುತ್ತಿತ್ತು.

ಭಗವಂತರಾಯರು ಮತ್ತೆ ಕಣ್ಣು ಮುಚ್ಚಿದರು. "ರೊಟ್ಟಿ ಅಂದ್ರ ಇದು! ಕಡದ್ರ ಬಾಯಿ ತುಂಬಬೇಕು. ತೆಳ್ಳಂದು ತಿಂದ್ರ ಗಾಳಿ ತಿಂದಂಗ!"

ಅಯ್ಯಣ್ಣನ ಕೈಯಿಂದ ಕೋಲು ಬಿತ್ತು. ಈಗ ಒಬ್ಬರೂ ಕುಣಿಯಲಿಲ್ಲ. ಗಡ್ಡಿಯ ಎರಡೂ ಅರ್ಧಗಳು ಒಂದೇ ಸಲಕ್ಕೆ ಬಾಯಿ ತೆರೆದು ನಿಂತವು. "ಎರಡೂ ಕಡಿ ತಿಂತಾನಲ್ಲವ್ವ ಈ ಮನಷ್ಯಾ!" ಎಂದು ಯಾವಳೋ ಪಿಸುಗುಟ್ಟಿದಳು. ಹೌದಲ್ಲ, ತಿನ್ನಲೆಂದೇ ಬಂದದ್ದಲ್ಲವೆ ಎಂದು ನನಗೆ ಆಶ್ಚರ್ಯವಾಯಿತು.

ಮೂರನೆಯ ಘಟ್ಟ ವೈನ್. ಊರ ನಡುವಿನ ಬೇವಿನ ಕಟ್ಟೆಯ ಮೇಲೆ ಭಗವಂತರಾಯರನ್ನು ಕೂರಿಸಿದರು. ಅವರು ಚೀಲದಿಂದ ಬಾಟಲಿ ತೆಗೆದಾಗ ಎಲ್ಲರೂ ಕಟ್ಟೆಯ ಹತ್ತಿರಕ್ಕೆ ಸರಿದರು. "ಊಟ ಹಾಕಿದವರಿಗೆ ಮೊದಲ," ಎಂದು ಅವರು ದೊಡ್ಡ ಮನಸ್ಸು ಮಾಡಿ, ಒಂದು ಸ್ಟೀಲ್ ಲೋಟಕ್ಕೆ ದುರಗಮ್ಮನಿಗೂ ಇನ್ನೊಂದಕ್ಕೆ ಮಾನಮ್ಮನಿಗೂ ಹಾಕಿ, ತಾವೂ ಒಂದು ಗುಟುಕು ಏರಿಸಿದರು. ಕಣ್ಣಲ್ಲಿ ಬಳಬಳ ನೀರು ಬಂತು. ಇಬ್ಬರು ತಾಯಂದಿರೂ ಮುಖ ಕಿವುಚಿ, ಒಬ್ಬರನ್ನೊಬ್ಬರು ನೋಡದೆ, ಒಂದೇ ಮಾತು ಆಡಿದರು. "ಕಷಾಯ ಐತಿ."

ಅಯ್ಯಣ್ಣ ಎದ್ದು ನಿಂತ. "ಕೇಳ್ರೆಪ್ಪೋ ಎಲ್ಲಾರೂ! ಪಂಚರು ಎರಡೂ ಮನಿ ಉಂಡಾರ. ತಮ್ಮ ಕೈಲೆ ಎರಡೂ ಕಡಿಗಿ ಕುಡಸ್ಯಾರ, ತಾವೂ ಕುಡದಾರ. ಅಲ್ಲಿಗಿ ನ್ಯಾಯ ಹಿಡದಂಗಾತು. ಇನ್ನ ಫೈಸಲಾ ಹೇಳ್ಲಿ!"

"ಪಂಚರು ಎಲ್ಲದಾರ?" ಎಂದು ಭಗವಂತರಾಯರು ತಮ್ಮ ಬೆನ್ನ ಹಿಂದೆ ನೋಡಿದರು. ಬೆನ್ನ ಹಿಂದೆ ಬೇವಿನ ಗಿಡವಿತ್ತು.

ಆಗ ಅಯ್ಯಣ್ಣ ಪದ್ಧತಿ ಹೇಳಿದ. ಗಡ್ಡಿಯ ಮಂದಿಯೆಲ್ಲ ಒಬ್ಬರಿಗೊಬ್ಬರು ಬೀಗರು, ಹಾಗಾಗಿ ಗಡ್ಡಿಯ ಜಗಳಕ್ಕೆ ಗಡ್ಡಿಯವರು ನ್ಯಾಯ ಹೇಳುವಂತಿಲ್ಲ. ಹೊಳೆಯಾಚೆಯಿಂದ, ಯಾರಿಗೂ ಸಂಬಂಧವಿಲ್ಲದವನು ಬರಬೇಕು. ಬಂದವನು ಎರಡೂ ಮನೆಯಲ್ಲಿ ಉಣ್ಣಬೇಕು. ಅವನು ಉಂಡು, ಎರಡೂ ಕಡೆಯವರಿಗೆ ತನ್ನ ಕೈಯಾರೆ ಒಂದು ಗುಟುಕು ಏನಾದರೂ ಕುಡಿಸುವತನಕ ಯಾರೂ ತಕರಾರಿನ ಬಗ್ಗೆ ತುಟಿ ಬಿಚ್ಚಬಾರದು. ಕುಡಿಸಿದ ಮೇಲೆ ಅವನು ಫೈಸಲಾ ಹೇಳದೆ ಗಡ್ಡಿ ಬಿಡಬಾರದು.

"ನಾ ಪಂಚ ಅಲ್ಲೋ ಮಾರಾಯಾ!" ಭಗವಂತರಾಯರು ಚೀರಿದರು. "ನಾ ಪ್ರವಾಸಿ! ಟೂರ್! ಸಾಬಣ್ಣಾ, ಹೇಳೋ ಇವರಿಗೆ!"

ಸಾಬಣ್ಣ ನೆಲ ನೋಡಿದ. ನಾವಿಬ್ಬರೂ ಹೊಳೆಯ ಕಡೆ ನೋಡಿದೆವು. ಹರಗೋಲನ್ನು ದಂಡೆಗೆಳೆದು ಬೋರಲು ಹಾಕಿದ್ದರು. ಅದರ ಮೇಲೆ ದ್ಯಾವಪ್ಪ ಕುಳಿತಿದ್ದ.

ತಕರಾರು ಇಷ್ಟೇ. ದ್ಯಾವಪ್ಪನ ಹೆಂಡತಿಯೇ ಅಮೃತಮ್ಮ. ಮದುವೆಯಾದ ಹೊಸದರಲ್ಲಿ ಆಕೆ ರೊಟ್ಟಿ ಬಡಿದಾಗ ಅತ್ತೆ ದುರಗಮ್ಮ ನಾಲ್ಕು ಮಂದಿಯ ಮುಂದೆ ಅದನ್ನೆತ್ತಿ ಹಿಡಿದು, "ಇದು ರೊಟ್ಟಿನೋ ಕೌದಿನೋ?" ಎಂದಿದ್ದಳು. ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ದಪ್ಪ ಹೊದಿಕೆ. ಸುದ್ದಿ ಕೇಳಿ ಮಾನಮ್ಮ ತನ್ನ ಅಂಗಳದಲ್ಲೇ ನಿಂತು, "ಆಕಿ ರೊಟ್ಟಿ ಊದಿದ್ರ ಹಾರ್ತಾವ, ಅದಕ್ಕ ಮಗ ಒಣಗ್ಯಾನ," ಎಂದು ಕೂಗಿದ್ದಳು. ಹುಡುಗಿ ತವರಿಗೆ ಬಂದು ಕುಳಿತಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಬೆಂಕಿ ನೀರಿಲ್ಲ. ರೊಟ್ಟಿ ದಪ್ಪವಿರಬೇಕೋ, ತೆಳ್ಳಗಿರಬೇಕೋ? ಅಷ್ಟು ಹೇಳಿದರೆ ಸಾಕು.

ಅಂದರೆ ಭಗವಂತರಾಯರು ಬೆಳಗ್ಗಿನಿಂದ ಎರಡು ಫೈಸಲಾ ಹೇಳಿ ಮುಗಿಸಿದ್ದರು, ಒಂದಕ್ಕೊಂದು ವಿರುದ್ಧವಾಗಿ.

ಅವರು ಸಾಬಣ್ಣನ ಅಂಗಿಯ ಕಾಲರು ಹಿಡಿದು ಗಿಡದ ಹಿಂದಕ್ಕೆ ಎಳೆದರು. ನಾನೂ ಹೋದೆ. "ಮೋಸಗಾರಾ! ಯಾಕೋ ನನ್ನ ತಂದು ಇದ್ರಾಗ ಕೆಡವಿದಿ?"

"ತಪ್ಪಾಗೈತ್ರಿ ಸಾಹೇಬ್ರ. ಆದರ ಯಾ ಪಂಚನೂ ಬರಾಕ ಒಲ್ಲ. ಹೆಣ್ಣಮಕ್ಕಳ ರೊಟ್ಟಿ ಜಗಳಕ್ಕ ತಲಿ ಕೊಡವರು ಯಾರ್ರಿ? ಕೊಡೇಕಲ್ ಕಡಿಂದ ಒಬ್ಬರು ಹಿರ್ಯಾರು ಹೊಳಿ ಮಟ ಬಂದು, ಆಚಿ ದಂಡಿ ಮಂದೀನ ತಕರಾರು ಏನಂತ ಕೇಳಿ, ಹಂಗ ತಿರುಗಿ ಓಡಿದ್ರು." ಸಾಬಣ್ಣ ದನಿ ತಗ್ಗಿಸಿದ. "ಇನ್ನ ತಡ ಮಾಡಾಕ ಆಗಂಗಿಲ್ರಿ. ನಮ್ಮ ಅಮೃತಾ ಬಸುರಿ ಅದಾಳ."

"ಯಾರ..." ಎಂದು ಭಗವಂತರಾಯರು ಬಾಯಿ ತೆರೆದರು.

"ಗಂಡಂದ್ರಿ! ಮತ್ಯಾರದು? ಹೊಳಿಗಿ ನೀರಿಗಿ ಹೋದಾಗ ಮಾತಾಡ್ತಾರ. ಹೊಲದಾಗ ಮಾತಾಡ್ತಾರ. ಊರಿಗೆಲ್ಲ ಗೊತ್ತೈತಿ. ಆದರ ಎರಡು ಮನಿಗಿ ಮಾತಿಲ್ಲಂತ ಊರ ಒಪ್ಪಿಕೊಂಡೈತಲ್ರಿ? ಹಂಗಾಗಿ ಯಾರೂ ನೋಡೂದಿಲ್ಲ. ಹುಡುಗಿ ಬಾಗಿಲ ಹಿಂದ ನಿಂತಾಳ. ನಾಳೆ ಕೂಸು ಅತ್ತರ ಏನು ಹೇಳೂದು? ಯಾವ ಬಾಯಿಗಿ ಯಾರು ಬೀಗ ಹಾಕ್ತಾರ? ದುರಗವ್ವ ಮೊದಲ ಬಾಗಂಗಿಲ್ಲ, ನಮ್ಮಕ್ಕ ಮೊದಲ ಬಾಗಂಗಿಲ್ಲ. ಹುಡುಗಿ ಇಜ್ಜತ್ ನಿಮ್ಮ ಬಾಯಾಗ ಐತ್ರಿ."

ಭಗವಂತರಾಯರ ಬಾಯಲ್ಲಿ ಆ ಹೊತ್ತಿಗೆ ಎಣಗಾಯಿಯ ತೇಗು ಬಿಟ್ಟು ಬೇರೇನೂ ಇರಲಿಲ್ಲ. ದಪ್ಪ ಎಂದರೆ ದುರಗಮ್ಮನ ಕಡೆಯವರು ಹೊಳೆಗೆ ನೂಕುವರು. ತೆಳ್ಳಗೆ ಎಂದರೆ ಮಾನಮ್ಮನ ಕಡೆಯವರು. ಈಜು ಬಾರದು. ನನಗೂ ಬಾರದು, ಮತ್ತು ನಾನು ಯಾವ ಷಡ್ಡಕನಿಗೂ ಏನೂ ಹೇಳಿದವನಲ್ಲ. ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕಟ್ಟೆಗೆ ಮರಳಿ ಬಂದರು. ಭಗವಂತರಾಯರು ರುಮಾಲು ಸರಿಮಾಡಿಕೊಂಡರು, ಕೆಮ್ಮಿದರು, ಮತ್ತೆ ಸರಿಮಾಡಿಕೊಂಡರು. ಹೊತ್ತು ಕಳೆಯಲು ಕಚೇರಿಯಲ್ಲಿ ಕಲಿತ ವಿದ್ಯೆಯೊಂದೇ ಅವರ ಹತ್ತಿರ ಉಳಿದಿತ್ತು. ಕಡತದಲ್ಲಿ ಏನೋ ಕಡಿಮೆಯಿದೆ ಎಂದು ಹೇಳುವುದು.

"ಇದು ಪೂರಾ ಆಗಿಲ್ಲ," ಎಂದರು. "ನಾ ದುರಗಮ್ಮನ ರೊಟ್ಟಿ ತಿಂದೆ. ಮಾನಮ್ಮನ ರೊಟ್ಟಿ ತಿಂದೆ. ತಕರಾರು ಯಾರ ರೊಟ್ಟೀದು? ಅಮೃತಮ್ಮಂದು. ಆಕಿ ಬಡದ ರೊಟ್ಟಿ ಎಲ್ಲೈತಿ? ಅದನ್ನ ತಿನ್ನದ ನಾ ಹೆಂಗ ಹೇಳ್ಲಿ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದಲ್ಲಿ ಯಾರಿಗೂ ಈ ಮಾತು ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಭಗವಂತರಾಯರಿಗೂ ಹೊಳೆದಿರಲಿಲ್ಲ, ಬಾಯಿತಪ್ಪಿ ಬಂದಿತ್ತು. ಹಿಟ್ಟು ತರುವುದು, ಒಲೆ ಹೂಡುವುದು, ಕಟ್ಟಿಗೆ ಹೊಂದಿಸುವುದು ಎಂದರೆ ಸಂಜೆಯಾಗುತ್ತದೆ, ಅಷ್ಟರಲ್ಲಿ ದೇವರು ಏನಾದರೂ ದಾರಿ ತೋರಿಸುತ್ತಾನೆ ಎಂಬುದಷ್ಟೇ ಅವರ ಲೆಕ್ಕ.

ಆದರೆ ಗಡ್ಡಿಯ ಹೆಂಗಸರು ಕಾಲುವೆ ಕಚೇರಿಯವರಲ್ಲ. ಕಣ್ಣು ಮಿಟುಕಿಸುವುದರೊಳಗೆ ಮೂರು ಕಲ್ಲು ಇಟ್ಟು, ಬೆಂಕಿ ಹಚ್ಚಿ, ಹಂಚು ಏರಿಸಿಬಿಟ್ಟರು. ಅಮೃತಮ್ಮನನ್ನು ಕರೆದರು.

ಆಕೆ ಬಾಗಿಲಿನಿಂದ ಹೊರಗೆ ಬಂದಳು. ಸೆರಗು ಎಷ್ಟು ಹೊದ್ದರೂ ಮುಚ್ಚದಂಥ ಹೊಟ್ಟೆ. ಗಡ್ಡಿಗೆ ಗಡ್ಡಿಯೇ ತಟ್ಟನೆ ಆಕಾಶ ನೋಡತೊಡಗಿತು. ಕೆಲವರು ಬೇವಿನ ಎಲೆ ಎಣಿಸಿದರು. ಅಯ್ಯಣ್ಣ ತನ್ನ ಕೋಲಿನ ತುದಿಯನ್ನು ಮೊದಲ ಸಲ ಕಂಡವನಂತೆ ಪರೀಕ್ಷಿಸಿದ. ಹುಡುಗಿ ತಲೆ ತಗ್ಗಿಸಿ ಬಂದು ಒಲೆಯ ಮುಂದೆ ಕೂರಲು ಹೋದಳು. ಮೊಣಕಾಲು ಮಡಿಸಲು ಬಾರದು. ಒಂದು ಕೈ ನೆಲಕ್ಕೆ ಊರಿ, ಇನ್ನೊಂದನ್ನು ನಡುವಿಗೆ ಕೊಟ್ಟು, ಹೇಗೋ ಕುಳಿತು, ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಹೊಗೆ ನೇರ ಮುಖಕ್ಕೆ ಬಂತು. ಕೆಮ್ಮು ಹತ್ತಿತು. ಆದರೂ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನನಗೆ ನೋಡಲಾಗಲಿಲ್ಲ.

"ಏ ಹುಚ್ಚಿ!" ಎಂಬ ಕೂಗಿಗೆ ಎಲ್ಲರೂ ಬೆಚ್ಚಿಬಿದ್ದರು. ದುರಗಮ್ಮ! ಲೋಟವನ್ನು ಎಸೆದು ಎದ್ದು ಬಂದಿದ್ದಳು. "ದಿನ ತುಂಬಾಕ ಬಂದಾಗ ಒಲಿ ಮುಂದ ಹಿಂಗ ಕುಕ್ಕರಗಾಲಿಲೆ ಕೂಡ್ತಾರೇನ? ನನ್ನ ಮೊಮ್ಮಗನ್ನ ಹೊಗ್ಯಾಗ ಬೇಯಿಸ್ತೀಯೇನ? ಏಳು ಮ್ಯಾಲಕ!"

ಊರು ದಂಗಾಯಿತು. ಮೊಮ್ಮಗ! ದುರಗಮ್ಮನ ಬಾಯಿಂದ! ನಾಲ್ಕು ಮಂದಿಯ ಮುಂದೆ! ಎರಡು ಮನೆಗೆ ಮಾತಿಲ್ಲ, ಬೆಂಕಿ ನೀರಿಲ್ಲ, ಆದರೆ ಮೊಮ್ಮಗನಿದ್ದಾನೆ, ಅವನು ತನ್ನವನು ಎಂದು ಆಕೆಯೇ ಕೂಗಿ ಒಪ್ಪಿಕೊಂಡಾಯಿತು. ಏನು ಹೇಳಿಬಿಟ್ಟೆ ಎಂದು ಗೊತ್ತಾಗಿ ದುರಗಮ್ಮ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಹೊತ್ತು ಮೀರಿತ್ತು.

ಮಾನಮ್ಮ ಬಂದು ಬೀಗತಿಯ ಎದುರು ನಿಂತಳು. ಎಲ್ಲರೂ ಜಡೆಗೆ ಕೈ ಬೀಳುತ್ತದೆಂದು ಕಾದರು. "ಅಷ್ಟು ಕಾಳಜಿ ಇದ್ರ," ಎಂದಳು ಆಕೆ, "ನೀನ ಎಬ್ಬಸು. ನನ್ನೊಬ್ಬಾಕಿ ಕೈಲೆ ಏಳಂಗಿಲ್ಲ ಈಕಿ." ಇಬ್ಬರೂ ಒಂದೊಂದು ರಟ್ಟೆ ಹಿಡಿದು ಹುಡುಗಿಯನ್ನು ಎಬ್ಬಿಸಿದರು. ಎಬ್ಬಿಸಿದವರು ಕೈ ಬಿಡಲಿಲ್ಲ. ಅಮೃತಮ್ಮ ನಡುವೆ ನಿಂತು ಗೊಳೋ ಎಂದು ಅತ್ತಳು. ದ್ಯಾವಪ್ಪ ಹರಗೋಲು ಬಿಟ್ಟು ಓಡಿಬಂದು, ಏನು ಮಾಡಬೇಕೋ ತಿಳಿಯದೆ, ನನ್ನನ್ನು ಅಪ್ಪಿಕೊಂಡ.

ಈ ಗದ್ದಲದಲ್ಲಿ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಲು ಯಾರಿಗೂ ನೆನಪಾಗಲಿಲ್ಲ. ಅದು ಕಪ್ಪಗೆ ಕರಕಾಗಿತ್ತು. ದಪ್ಪವಿತ್ತೋ ತೆಳ್ಳಗಿತ್ತೋ ಬ್ರಹ್ಮನಿಗೂ ಹೇಳಲಾಗದು. ಅಯ್ಯಣ್ಣ ಅದನ್ನು ತಾಟಿಗೆ ಹಾಕಿ, ಎರಡೂ ಕೈಯಿಂದ ಭಗವಂತರಾಯರ ಮುಂದೆ ಹಿಡಿದ. "ಕೇಳಿದ್ರಲ್ರಿ. ತಿನ್ರಿ. ಫೈಸಲಾ ಹೇಳ್ರಿ."

ಭಗವಂತರಾಯರು ಒಂದು ಚೂರು ಮುರಿದು ಬಾಯಿಗಿಟ್ಟರು. ಈ ಸಲ ಕಣ್ಣು ತಾನಾಗಿಯೇ ಮುಚ್ಚಿತು. ಕಲ್ಲಿದ್ದಲು ಅಗಿದಂಥ ಸಪ್ಪಳ. ಕೆನ್ನೆಯ ಮೇಲೆ ನೀರಿಳಿಯಿತು. ಅವರಿಗೆ ಗೊತ್ತಿದ್ದದ್ದು ಒಂದೇ ಮಾತು, ಅದನ್ನೇ ಹೇಳಿದರು. "ರೊಟ್ಟಿ ಅಂದ್ರ... ಇದು."

"ಆತು!" ಅಯ್ಯಣ್ಣ ಕೋಲೆತ್ತಿದ. "ಪಂಚರು ಕಣ್ಣೀರು ಹಾಕಿ ಹೇಳ್ಯಾರ. ಸೊಸಿ ಹೆಂಗ ಬಡದರೂ ರೊಟ್ಟಿನ. ಇನ್ನ ಯಾರೂ ಎತ್ತಿ ಹಿಡಿಯಂಗಿಲ್ಲ. ಹುಡುಗಿ ಹೊತ್ತು ಮುಳುಗೂದರಾಗ ಗಂಡನ ಮನಿಗಿ ಹೋಗ್ಲಿ!" ಹಲಗೆ ಬಾರಿಸಿದರು. ಮುದುಕಿಯರು ಸಾಲಾಗಿ ಬಂದು ಭಗವಂತರಾಯರ ಕಾಲಿಗೆ ಬಿದ್ದರು. ನಾನು ಅದರ ಫೋಟೋವನ್ನೂ ಹೊಡೆದೆ.

ಹರಗೋಲು ನೀರಿಗಿಳಿದ ಮೇಲೆ ಅಯ್ಯಣ್ಣ ದಂಡೆಯಿಂದ ಕೂಗಿ ಪದ್ಧತಿಯ ಕಡೆಯ ಸಾಲು ಹೇಳಿದ. "ಸಾಹೇಬ್ರ, ಮುಂದ ಜಗಳ ಆಗಿ ಯಾರು ಮನಿ ಬಿಟ್ಟು ಎದ್ದರೂ ಪಂಚರ ಮನಿಗೇ ಬರೂದ್ರಿ. ನ್ಯಾಯ ಹೇಳಿದವರ ಉಣ್ಣಾಕ ಹಾಕಬೇಕು." ಭಗವಂತರಾಯರು ರುಮಾಲು ಬಿಚ್ಚಿ ಖುಷಿಯಿಂದ ಬೀಸಿದರು. ಅವರಿಗೆ ಕೇಳಿಸಿರಲಿಲ್ಲ.

ಆ ಫೋಟೋ ಮಹಾದೇವಪ್ಪನಿಗೆ ಹೋಯಿತು. ಬಿಳಿ ರುಮಾಲು, ಕಟ್ಟೆ, ಕಾಲ ಬುಡದಲ್ಲಿ ಸಾಲುಸಾಲು ಮುದುಕಿಯರು. ಅವನು ಬೆಚ್ಚಿ ಫೋನ್ ಮಾಡಿದ. ತನ್ನ ದ್ವೀಪದಲ್ಲಿ ಯಾರೂ ತನ್ನ ಕಾಲಿಗೆ ಬಿದ್ದಿರಲಿಲ್ಲ, ಇದಕ್ಕೆ ಯಾವ ಕಂಪನಿ ಎಂದು ಕೇಳಿದ. ಮುಂದಿನ ಕೆಲವು ವಾರ ಭಗವಂತರಾಯರು ಓಣಿಯಲ್ಲಿ ನಡೆದದ್ದನ್ನು ನಡೆಯುವುದು ಎನ್ನಲಾಗದು, ತೇಲುವುದು ಎನ್ನಬೇಕು. ಗಡ್ಡಿಯಿಂದ ಗಂಡು ಕೂಸಿನ ಪೇಡೆಯೂ ಬಂತು.

ಪೇಡೆಯ ಹಿಂದೆಯೇ ದುರಗಮ್ಮ ಬಂದಳು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೌದಿ. ದೇವಕಮ್ಮ ಬಾಗಿಲು ತೆರೆದದ್ದೇ ತಡ, ಒಳಗೆ ಬಂದು ಗೋಡೆಗೊರಗಿ ಕಾಲು ಚಾಚಿ ಕುಳಿತಳು. "ಬಾಣಂತಿಗಿ ಎಷ್ಟು ಖಾರ ಹಾಕಬೇಕು ಅನ್ನೂದರಾಗ ಬೀಗತಿ ಜೋಡಿ ಮಾತು ಬಂತವ್ವ. ಸಿಟ್ಟಿಗೆದ್ದು ಬಂದೇನಿ. ಪಂಚರ ಮನಿಗಿ ಬಂದ್ರ ಉಣ್ಣಾಕ ಹಾಕ್ತಾರಂತ. ಹಸಿವ್ಯಾಗೈತಿ, ರೊಟ್ಟಿ ಹಾಕು."

ದೇವಕಮ್ಮ ಕಾಲುವೆ ಬಂದ ಮೇಲೆ ರೊಟ್ಟಿ ಬಡಿದದ್ದು ಕಡಿಮೆ. ಆದರೂ ಮನೆಗೆ ಬಂದವರೆಂದು ಹಿಟ್ಟು ತೆಗೆದು ಬಡಿದು, ತಾಟಿಗೆ ಹಾಕಿದರು. ದುರಗಮ್ಮ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಸೊಸೆಯ ರೊಟ್ಟಿ ಎತ್ತಿ ಹಿಡಿಯಬಾರದೆಂದು ಫೈಸಲಾ ಆಗಿತ್ತೇ ಹೊರತು ಪಂಚನ ಹೆಂಡತಿಯದನ್ನಲ್ಲ.

"ಯವ್ವಾ," ಎಂದಳು, "ಇದು ರೊಟ್ಟಿನೋ ಕೌದಿನೋ?"

ಒಳಕೋಣೆಯಿಂದ ಗಂಡನ ನಗು ಕೇಳಿಸಿತು. ಒಂದೇ ಒಂದು ಸಣ್ಣ ನಗು. ಅಷ್ಟು ಸಾಕಾಯಿತು. ದೇವಕಮ್ಮ ಟ್ರಂಕು ಎತ್ತಿಕೊಂಡು ಶಹಾಪುರದ ಬಸ್ಸು ಹತ್ತಿದರು. ಅಲ್ಲಿ ಅವರ ತಾಯಿ ಅಂಗಳದಲ್ಲಿ ನಿಂತು ಅಳಿಯನ ಬಗ್ಗೆ ಮಾತಾಡುತ್ತಿರುವುದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆಂದು ಬಂದವರು ಹೇಳಿದರು.

ಮರುದಿನ ನಾನು ಕಚೇರಿಗೆ ಹೋದಾಗ ಭಗವಂತರಾಯರು ಮೇಜಿನ ಮೇಲೆ ತಲೆ ಇಟ್ಟಿದ್ದರು. ಎದುರಿಗೆ ಸಾಬಣ್ಣ.

"ಯಾರಾದ್ರೂ ಹೋಗಿ ಮಾತಾಡಬೇಕೋ," ಅವರು ನರಳಿದರು. "ನಾ ಬಾಗಂಗಿಲ್ಲ ಅಂತಲ್ಲ, ಬಾಗೀನಿ. ಆದರ ಆಕಿ ಒಳಗ ಬಿಡಬೇಕಲ್ಲ. ಷಡ್ಡಕನ್ನ ಕಳಸ್ಲೇನು?"

"ಆಗಂಗಿಲ್ರಿ. ಅವರು ಬೀಗರು. ನಿಮ್ಮ ಕಡಿಗೂ ಅಲ್ಲದ, ಅವರ ಕಡಿಗೂ ಅಲ್ಲದ ಮನಷ್ಯಾ ಬೇಕು."

ಪಾಪ, ಅಂಥವನು ಎಲ್ಲಿ ಸಿಗುತ್ತಾನೆ ಎಂದು ನಾನು ಮನಸಾರೆ ಮರುಗಿದೆ. ತಲೆಯೆತ್ತಿದಾಗ ಭಗವಂತರಾಯರು ನನ್ನನ್ನು ನೋಡುತ್ತಿದ್ದರು. ಸಾಬಣ್ಣ ನನ್ನ ಹೊಟ್ಟೆಯನ್ನು ನೋಡುತ್ತಿದ್ದ.

"ಮಾಸ್ತರ," ಎಂದ ಅವನು ಬಹಳ ಮೆಲ್ಲಗೆ, "ನೀವು ಎಷ್ಟು ರೊಟ್ಟಿ ತಿಂತೀರಿ?"